‘ನಾಳೆ ಹಾಕಿಸಿಕೊಂಡರಾಯ್ತು’ ಅನ್ನುವವರಿಗೆ ಫ್ಲೂ ಲಸಿಕೆ ಹಾಕಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಕೆಲಸ ಮಾಡುವ ಕಡೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಏರ್ಪಾಡನ್ನು ನನ್ನ ತಲೆಗೆ ಕಟ್ಟಿದ್ದಾರೆ, ಅಷ್ಟೇ. ಪಟ್ಟಿ ಮಾಡುವುದು, ಫೋನ್ ಮಾಡುವುದು, ಮೇಜು ಕುರ್ಚಿ ಹಾಕಿಸುವುದು, ಬರದವರ ಬೆನ್ನು ಹತ್ತುವುದು, ಇವೆಲ್ಲ ನನ್ನ ಪಾಲು. ಸೂಜಿ ಚುಚ್ಚುವುದು ಮಾತ್ರ ಕಲಿತವರ ಕೆಲಸ.

ಮೊದಲ ವರ್ಷ ಎಡವಟ್ಟಾಯಿತು. ಮೂರನೇ ಮಹಡಿಯ ಕೊನೆಯ ಕೋಣೆ ಸಿಕ್ಕಿತ್ತು. ಚೆಂದದ ಪೋಸ್ಟರ್ ಅಂಟಿಸಿದ್ದೆವು, ಅದರಲ್ಲಿ ದೊಡ್ಡದಾಗಿ ವೈರಸ್ಸಿನ ಚಿತ್ರ ಬೇರೆ. ಸಂಜೆವರೆಗೂ ನರ್ಸ್ ಮತ್ತು ನಾನು ಮುಖ ಮುಖ ನೋಡಿಕೊಂಡು ಕೂತಿದ್ದೇ ಬಂತು. ಆಮೇಲೆ ಬರದವರನ್ನು ಒಬ್ಬೊಬ್ಬರಾಗಿ ಕೇಳಿದೆ. ಲಸಿಕೆ ಕೆಟ್ಟದ್ದು, ಹಾಕಿಸಲ್ಲ ಅಂದವರು ಕೈಬೆರಳಲ್ಲಿ ಎಣಿಸುವಷ್ಟು ಜನ. ಉಳಿದವರದ್ದೆಲ್ಲ ಒಂದೇ ರಾಗ: "ಅಯ್ಯೋ ಮರೆತೇ ಹೋಯ್ತು", "ಆವತ್ತೇನೋ ಕೆಲಸ ಇತ್ತು", "ಎಲ್ಲಿ ಅಂತ ಗೊತ್ತಾಗಲಿಲ್ಲ", "ನಾಳೆ ಬರೋಣ ಅಂದ್ಕೊಂಡೆ, ನಾಳೆ ನೀವೇ ಇರಲಿಲ್ಲ."

ಅಂದರೆ ನಮಗೆ ಎದುರಾಗಿದ್ದು ವಿರೋಧ ಅಲ್ಲ, ಮುಂದೂಡಿಕೆ. ಇದು ತಲೆಗೆ ಹೋದ ಮೇಲೆ ನಾನು ವಾದ ಮಾಡುವುದನ್ನು ಬಿಟ್ಟು ದಾರಿ ಹತ್ತಿರ ಮಾಡುವುದನ್ನು ಕಲಿತೆ. ಮನೆಯ ಹಿರಿಯರಿಗೆ ಹಾಕಿಸಬೇಕು ಅಂತಿರುವವರಿಗೂ, ಆಫೀಸು, ಕ್ಲಿನಿಕ್ಕು, ವೃದ್ಧಾಶ್ರಮದಲ್ಲಿ ಏರ್ಪಾಡು ಮಾಡುವವರಿಗೂ ಕೆಳಗಿನದ್ದು ಉಪಯೋಗಕ್ಕೆ ಬರಬಹುದು.

ಹೆಜ್ಜೆ 1: ಫ್ಲೂ ಬೇರೆ, ನೆಗಡಿ ಬೇರೆ. ಮೊದಲು ನಿಮಗೆ ಸ್ಪಷ್ಟವಾಗಲಿ

ಎರಡು ಸೀನು ಬಂದರೂ ಜನ ಫ್ಲೂ ಅನ್ನುತ್ತಾರೆ. ನಿಜವಾದ ಫ್ಲೂ ಬಂದವರನ್ನು ಕೇಳಿ ನೋಡಿ. ಬೆಳಿಗ್ಗೆ ಓಡಾಡಿಕೊಂಡಿದ್ದವರು ಸಂಜೆಗೆ ಹಾಸಿಗೆ ಹಿಡಿದಿರುತ್ತಾರೆ. ಜ್ವರ, ಚಳಿ, ಒಣ ಕೆಮ್ಮು, ಯಾರೋ ಹಿಡಿದು ಬಡಿದ ಹಾಗೆ ಮೈಕೈ ನೋವು. ಜ್ವರ ಬಿಟ್ಟ ಮೇಲೂ ಸುಸ್ತು ಬೇಗ ಬಿಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 100 ಕೋಟಿ ಜನರಿಗೆ ಫ್ಲೂ ಬರುತ್ತದೆ. ಅದರಲ್ಲಿ 30ರಿಂದ 50 ಲಕ್ಷ ಜನರಿಗೆ ತೀವ್ರವಾಗುತ್ತದೆ, ಉಸಿರಾಟದ ತೊಂದರೆಯಿಂದಲೇ 2.9ರಿಂದ 6.5 ಲಕ್ಷ ಜನ ಸಾಯುತ್ತಾರೆ. ಈ ಅಂಕಿಗಳನ್ನು ನೀವು ತಿಳಿದುಕೊಂಡಿರಿ, ಆದರೆ ಎದುರಿಗಿರುವವರ ಮೇಲೆ ಸುರಿಯಬೇಡಿ. ಲಕ್ಷ ಕೋಟಿ ಕೇಳಿ ಯಾರೂ ತೋಳು ಮಡಚಿಕೊಂಡು ಬಂದಿದ್ದನ್ನು ನಾನು ಕಂಡಿಲ್ಲ.

ಪ್ರತಿವರ್ಷ ಯಾಕೆ ಹಾಕಿಸಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಎರಡು ಕಾರಣ ಇವೆ. ಒಂದು, ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಅದರ ಮೇಲೆ ಕಣ್ಣಿಡುವುದಕ್ಕೆ 1952ರಿಂದ ಪ್ರಯೋಗಾಲಯಗಳ ಒಂದು ಜಾಲವೇ ಇದೆ. ಅವರು ಕೊಟ್ಟ ಮಾಹಿತಿ ನೋಡಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೂ ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೂ, ಮುಂದಿನ ಲಸಿಕೆಯಲ್ಲಿ ಯಾವ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಎರಡನೇ ಕಾರಣ, ಹೋದ ವರ್ಷ ಹಾಕಿಸಿಕೊಂಡ ಲಸಿಕೆಯ ಬಲ ತಿಂಗಳು ಕಳೆದಂತೆ ಇಳಿಯುತ್ತಾ ಹೋಗುತ್ತದೆ.

ಲಸಿಕೆ ಎಷ್ಟು ಕೆಲಸ ಮಾಡುತ್ತದೆ? ಇಲ್ಲಿ ಸುಳ್ಳು ಹೇಳಲೇಬೇಡಿ. ಲಸಿಕೆಯ ತಳಿಗೂ ಊರಲ್ಲಿ ಓಡಾಡುವ ತಳಿಗೂ ಚೆನ್ನಾಗಿ ಹೊಂದಿಕೆಯಾದ ವರ್ಷ, ಫ್ಲೂಗೆ ಡಾಕ್ಟರ ಹತ್ತಿರ ಹೋಗುವ ಸಂಭವ ಶೇ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಹೊಂದಿಕೆಯಾಗದ ವರ್ಷ ಅದಕ್ಕೂ ಕಡಿಮೆ. ಹಾಕಿಸಿಕೊಂಡರೂ ಫ್ಲೂ ಬರಬಹುದು. ಆದರೆ ಬಂದರೂ ಆಸ್ಪತ್ರೆ, ಐಸಿಯು ಅಂತ ಓಡುವ ಸಾಧ್ಯತೆ ಕಡಿಮೆ. "ಹಾಕಿಸಿಕೊಂಡರೆ ಬರೋದೇ ಇಲ್ಲ" ಅಂತ ಈ ವರ್ಷ ಹೇಳಿ ಕಳಿಸಿದಿರೋ, ಮುಂದಿನ ವರ್ಷ ಅವರು ನಿಮ್ಮ ಫೋನೇ ಎತ್ತಲ್ಲ.

ಹೆಜ್ಜೆ 2: ಹೆಸರು ಬರೆಯಿರಿ

‘ಹೆಚ್ಚು ಅಪಾಯ ಇರುವವರು’ ಅಂತ ನೋಟಿಸು ಹಾಕಿದರೆ ಯಾರಿಗೂ ಅದು ತನಗೆ ಹೇಳಿದ್ದು ಅನಿಸುವುದಿಲ್ಲ. ಶುಗರ್ ಇರುವವರಿಗೆ ಕೇಳಿ, "ನನಗೇನಾಗಿದೆ, ಗಟ್ಟಿಮುಟ್ಟಾಗಿದೀನಿ" ಅನ್ನುತ್ತಾರೆ. ದಿನಾ ಮಾತ್ರೆ ತಗೊಂಡು ಶುಗರ್ ಹತೋಟಿಯಲ್ಲಿದೆ, ಹಾಗಾಗಿ ತಾನು ರೋಗಿಯೇ ಅಲ್ಲ ಅನ್ನುವ ಲೆಕ್ಕ. ಅದಕ್ಕೇ ಒಂದು ಹಾಳೆ ತಗೊಂಡು ಹೆಸರು ಬರೆಯಿರಿ. ಮನೆಯದ್ದಾದರೆ ಐದು ನಿಮಿಷದ ಕೆಲಸ.

ಯಾರ್‍ಯಾರು ಬರಬೇಕು? 65 ದಾಟಿದ ಎಲ್ಲರೂ. ಬಸುರಿಯರು, ಎಷ್ಟನೇ ತಿಂಗಳಾದರೂ ಸರಿ. ಶುಗರ್, ಹೃದಯದ ಕಾಯಿಲೆ, ಅಸ್ತಮಾ, ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಕಿಡ್ನಿ ಅಥವಾ ಲಿವರ್ ತೊಂದರೆ, ಸ್ಟ್ರೋಕ್ ಆದವರು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು, ತುಂಬಾ ದಿನದಿಂದ ಸ್ಟೀರಾಯ್ಡ್ ತಗೊಳ್ಳುವವರು. ವಿಪರೀತ ಬೊಜ್ಜು ಇರುವವರು. ಇಷ್ಟೇ ಅಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ, ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ. ಹಾಗೇ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಆರು ತಿಂಗಳೊಳಗಿನ ಕೂಸು ಇರುವ ಮನೆಯವರು.

ಕೊನೆಯದ್ದನ್ನು ಜನ ಮರೆಯುತ್ತಾರೆ. ಆರು ತಿಂಗಳೊಳಗಿನ ಮಗುವಿಗೆ ಫ್ಲೂ ಲಸಿಕೆ ಹಾಕುವ ಹಾಗಿಲ್ಲ. ಅದಕ್ಕಿರುವ ರಕ್ಷಣೆ ಎರಡೇ: ತಾಯಿ ಬಸುರಿಯಾಗಿದ್ದಾಗ ಹಾಕಿಸಿಕೊಂಡಿದ್ದರೆ ಆಕೆಯಿಂದ ಬಂದ, ವೈರಸ್ಸಿನ ವಿರುದ್ಧ ಹೋರಾಡುವ ಪ್ರತಿಕಾಯಗಳು, ಮತ್ತೆ ಸುತ್ತ ಇರುವ ದೊಡ್ಡವರು ಕಾಯಿಲೆ ತರದೇ ಇರುವುದು. ಬಸುರಿಯರಿಗೂ ಇದರಿಂದ ನೇರ ಲಾಭ ಇದೆ. 2010ರಿಂದ 2016ರವರೆಗೆ ಹಲವು ದೇಶಗಳ ದಾಖಲೆ ನೋಡಿದಾಗ, ಫ್ಲೂನಿಂದ ಆಸ್ಪತ್ರೆ ಸೇರುವ ಸಂಭವ ಲಸಿಕೆ ಹಾಕಿಸಿಕೊಂಡ ಬಸುರಿಯರಲ್ಲಿ ಸರಾಸರಿ ಶೇ 40ರಷ್ಟು ಕಡಿಮೆ ಇತ್ತು.

ಹೃದಯದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪಟ್ಟಿಯಲ್ಲಿ ಎಲ್ಲರಿಗಿಂತ ಉದಾಸೀನ ತೋರುವವರು ಇವರೇ. ಫ್ಲೂ ಅಂದರೆ ಶ್ವಾಸಕೋಶದ್ದು, ನನ್ನದು ಹೃದಯದ್ದು, ಎಲ್ಲಿಂದೆಲ್ಲಿಗೆ ಸಂಬಂಧ ಅಂತ ಅವರ ಯೋಚನೆ. ಕೆನಡಾದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಪರೀಕ್ಷೆಯಲ್ಲಿ ಫ್ಲೂ ಅಂತ ಖಚಿತವಾದ ಮೊದಲ ಏಳು ದಿನಗಳಲ್ಲಿ ಹಾರ್ಟ್ ಅಟ್ಯಾಕ್ ಆಗುವ ಸಂಭವ ಬೇರೆ ದಿನಗಳಿಗಿಂತ ಆರು ಪಟ್ಟು ಜಾಸ್ತಿ ಇತ್ತು. ಫ್ಲೂ ಬಂದಾಗ ಮೈಯೆಲ್ಲ ಉರಿಯೂತ, ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ, ಹೃದಯಕ್ಕೆ ಓಟ ಜಾಸ್ತಿ, ಆಮ್ಲಜನಕ ಕಡಿಮೆ. ಮೊದಲೇ ಕಟ್ಟಿಕೊಂಡಿರುವ ರಕ್ತನಾಳಕ್ಕೆ ಇನ್ನೇನು ಬೇಕು? 2021ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ 2,571 ಜನ ಇದ್ದರು, ಬಹುಪಾಲು ಆಗಷ್ಟೇ ಹಾರ್ಟ್ ಅಟ್ಯಾಕ್ ಆದವರು. ಒಂದು ವರ್ಷದೊಳಗೆ ತೀರಿಕೊಂಡವರು ಫ್ಲೂ ಲಸಿಕೆ ಪಡೆದವರಲ್ಲಿ ಶೇ 2.9, ಲಸಿಕೆಯಿಲ್ಲದ ಬರಿ ಉಪ್ಪುನೀರಿನ ಚುಚ್ಚುಮದ್ದು ಪಡೆದವರಲ್ಲಿ ಶೇ 4.9. ಹೃದಯದ ಮಾತ್ರೆಯನ್ನು ಒಂದು ದಿನವೂ ತಪ್ಪಿಸದವರಿಗೆ ನಾನು ಇದನ್ನೇ ಹೇಳುವುದು: ಇದೂ ನಿಮ್ಮ ಹೃದಯದ ಔಷಧಿಗಳಲ್ಲಿ ಒಂದು, ವರ್ಷಕ್ಕೊಂದೇ ಸಲ ತಗೊಳ್ಳೋದು, ಅಷ್ಟೇ.

ಹೆಜ್ಜೆ 3: ಯಾವಾಗ

ಲಸಿಕೆ ಹಾಕಿಸಿಕೊಂಡ ಮೇಲೆ ಮೈಯಲ್ಲಿ ರಕ್ಷಣೆ ತಯಾರಾಗುವುದಕ್ಕೆ ಸುಮಾರು ಎರಡು ವಾರ ಬೇಕು. ಹಾಗಾಗಿ ಫ್ಲೂ ಕಾಲ ಶುರುವಾಗುವ ಮುಂಚೆಯೇ ಆಗಬೇಕು. ಚಳಿಗಾಲ ಜೋರಾಗಿರುವ ಉತ್ತರದ ದೇಶಗಳಲ್ಲಿ ಸೆಪ್ಟೆಂಬರ್-ಅಕ್ಟೋಬರ್, ದಕ್ಷಿಣ ಗೋಳಾರ್ಧದಲ್ಲಿ ಏಪ್ರಿಲ್-ಮೇ. ಉಷ್ಣವಲಯದಲ್ಲಿ ಲೆಕ್ಕ ಅಷ್ಟು ಸಲೀಸಲ್ಲ. ಅಲ್ಲಿ ವರ್ಷವಿಡೀ ಒಂದಿಷ್ಟು ಫ್ಲೂ ಇದ್ದೇ ಇರುತ್ತದೆ, ಮಳೆಗಾಲದಲ್ಲಿ ಏರುತ್ತದೆ, ಕೆಲವು ಕಡೆ ಎರಡು ಸಲ ಏರುತ್ತದೆ. ನಿಮ್ಮ ಕಡೆ ಯಾವಾಗ ಏರುತ್ತದೆ, ಈಗ ಯಾವ ಗೋಳಾರ್ಧದ ಲಸಿಕೆ ಸಿಗುತ್ತಿದೆ ಅಂತ ಡಾಕ್ಟರನ್ನು ಕೇಳಿ.

ತುಂಬಾ ಮೊದಲೇ ಹಾಕಿಸಿದರೆ ಹಿರಿಯರಲ್ಲಿ ಫ್ಲೂ ಕಾಲ ಮುಗಿಯುವ ಮುಂಚೆಯೇ ಬಲ ಕುಂದಬಹುದು. ಆದರೆ ಸರಿಯಾದ ದಿನಕ್ಕಾಗಿ ಕಾಯುತ್ತಾ ಕೂತು ಇಡೀ ಕಾಲವನ್ನೇ ಕಳೆದುಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ. ತಡವಾಗಿದ್ದರೂ ಪರವಾಗಿಲ್ಲ, ಫ್ಲೂ ಇನ್ನೂ ಓಡಾಡುತ್ತಿದೆ ಅಂದರೆ ಹಾಕಿಸಿ.

ಹೆಜ್ಜೆ 4: ಯಾವ ಲಸಿಕೆ

ಇದರ ಬಗ್ಗೆ ತಲೆ ಜಾಸ್ತಿ ಕೆಡಿಸಿಕೊಳ್ಳಬೇಡಿ. ಈಗಿನ ಶಿಫಾರಸು ಮೂರು ತಳಿಗಳ ಲಸಿಕೆಗೆ: ಎಚ್1ಎನ್1, ಎಚ್3ಎನ್2 ಮತ್ತು ಬಿ ಗುಂಪಿನ ವಿಕ್ಟೋರಿಯಾ. ಮೊದಲು ನಾಲ್ಕು ಇತ್ತಲ್ಲ ಅಂತ ಯಾರಾದರೂ ಕೇಳಿದರೆ, ನಾಲ್ಕನೆಯದಾದ ಬಿ ಯಮಗಾಟ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಾಣಿಸಿಕೊಂಡಿಲ್ಲ, ಹಾಗಾಗಿ ಅದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು ಅನ್ನಿ. ನಿಮ್ಮ ಕಡೆ ಇನ್ನೂ ನಾಲ್ಕರದ್ದೇ ಸಿಕ್ಕರೆ ಅದೂ ನಡೆಯುತ್ತದೆ.

65 ದಾಟಿದವರಿಗೆ ಮಾತ್ರ ಒಂದು ಪ್ರಶ್ನೆ ಕೇಳಬಹುದು: ಹೈ-ಡೋಸ್ ಸಿಗುತ್ತಾ? ಮಾಮೂಲಿ ಲಸಿಕೆಯಲ್ಲಿ ಒಂದೊಂದು ತಳಿಯದ್ದು 15 ಮೈಕ್ರೋಗ್ರಾಂ ಇದ್ದರೆ ಇದರಲ್ಲಿ 60. ವಯಸ್ಸಾದ ಮೈ ಲಸಿಕೆಗೆ ನಿಧಾನವಾಗಿ ಓಗೊಡುತ್ತದೆ, ಅದಕ್ಕೇ ಜೋರಾಗಿ ಕೂಗುವುದು. ಸುಮಾರು 32 ಸಾವಿರ ಹಿರಿಯರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಮೂಲಿ ಲಸಿಕೆಗಿಂತ ಇದು ಶೇ 24ರಷ್ಟು ಹೆಚ್ಚು ಪರಿಣಾಮ ತೋರಿಸಿತ್ತು. ಸಿಗದಿದ್ದರೆ? ಮಾಮೂಲಿಯದ್ದನ್ನೇ ಹಾಕಿಸಿ. ಸಿಗದ ಒಳ್ಳೆಯದಕ್ಕಿಂತ ಸಿಕ್ಕಿದ್ದೇ ವಾಸಿ. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ, ಬಸುರಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ವಯಸ್ಸಾದವರಿಗೆ ಅದು ಬೇಡ.

ಹೆಜ್ಜೆ 5: ಯಾರು ಮೊದಲು ಡಾಕ್ಟರನ್ನು ಕೇಳಬೇಕು

ಹಿಂದೆ ಫ್ಲೂ ಲಸಿಕೆ ಹಾಕಿದಾಗ ಜೋರು ಅಲರ್ಜಿ ಆಗಿದ್ದವರು, ಅಂದರೆ ಉಸಿರು ಕಟ್ಟಿದ್ದು, ಮುಖ ಗಂಟಲು ಊದಿದ್ದು. ಲಸಿಕೆ ಹಾಕಿಸಿ ಆರು ವಾರದೊಳಗೆ ಗಿಲ್ಲನ್ ಬಾರೆ ಅನ್ನುವ ನರದ ಕಾಯಿಲೆ ಬಂದಿದ್ದವರು. ಇವತ್ತು ಜ್ವರ ಜೋರಾಗಿರುವವರು, ಇವರು ಜ್ವರ ಇಳಿದ ಮೇಲೆ ಬರಲಿ. ಸಣ್ಣ ನೆಗಡಿ ಇದ್ದರೆ ಅಡ್ಡಿಯಿಲ್ಲ.

ಮೊಟ್ಟೆ ಅಲರ್ಜಿ ಇದ್ದರೆ ಹಾಕಿಸಬಾರದು ಅನ್ನುವ ಮಾತು ಹಳೆಯದಾಯಿತು. 2023ರಿಂದ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಮೊಟ್ಟೆ ಅಲರ್ಜಿ ಇರುವವರಿಗೆ ಬೇರೆ ಯಾವ ವಿಶೇಷ ಎಚ್ಚರಿಕೆಯೂ ಬೇಕಿಲ್ಲ, ಎಲ್ಲ ಲಸಿಕೆಗೆ ಇರುವಷ್ಟೇ ಸಾಕು ಅಂತ ಹೇಳಿದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಚುಚ್ಚುವ ಮುಂಚೆ ನರ್ಸಿಗೆ ಹೇಳಲಿ. ಸಣ್ಣ ಸೂಜಿಯಲ್ಲಿ ಚುಚ್ಚಿ, ಉಜ್ಜದೆ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದರೆ ಸಾಕಾಗುತ್ತದೆ.

ಹೆಜ್ಜೆ 6: ಕೇಳುವ ರೀತಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ವರ್ಷ ನಾನು ಕೇಳುತ್ತಿದ್ದದ್ದು ಹೀಗೆ: "ಸರ್, ಫ್ಲೂ ಲಸಿಕೆ ಹಾಕಿಸಿಕೊಳ್ಳೋ ಯೋಚನೆ ಏನಾದ್ರೂ ಇದೆಯಾ?" ಉತ್ತರ: "ನೋಡೋಣಮ್ಮ." ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ, ನಮಗೆ ಗೊತ್ತಿಲ್ವಾ. ಈಗ ಕೇಳುವುದು ಹೀಗೆ: "ಸರ್, ಈ ಸಲದ ಫ್ಲೂ ಲಸಿಕೆ ಬಂದಿದೆ, ನಿಮ್ಮದು ಬುಧವಾರ. ಬೆಳಿಗ್ಗೆ ಬರ್ತೀರಾ, ಮಧ್ಯಾಹ್ನ ಬರ್ತೀರಾ?" ಎರಡನೆಯದರಲ್ಲಿ ಹಾಕಿಸಿಕೊಳ್ಳುವುದು ಮಾಮೂಲಿ ಸಂಗತಿ, ಉಳಿದಿರುವುದು ಹೊತ್ತು ಮಾತ್ರ. ಬೇಡ ಅನ್ನುವವರು ಆಗಲೂ ಬೇಡ ಅನ್ನಬಹುದು, ಅನ್ನುತ್ತಾರೆ ಕೂಡ. ಅವರನ್ನು ಹಾಗೇ ಬಿಡಬೇಕು. ಪೀಡಿಸಿ ಹಾಕಿಸಿದ ಲಸಿಕೆ ಒಂದು ವರ್ಷಕ್ಕೆ ಸರಿ, ಮುಂದಿನ ವರ್ಷಕ್ಕೆ ಅವರು ನಮ್ಮವರಾಗಿ ಉಳಿಯುವುದಿಲ್ಲ.

ಯಾರು ಹೇಳುತ್ತಾರೆ ಅನ್ನುವುದೂ ದೊಡ್ಡ ವಿಷಯ. ನನ್ನ ಹತ್ತು ಫೋನಿಗಿಂತ ಅವರನ್ನು ಯಾವಾಗಲೂ ನೋಡುವ ಡಾಕ್ಟರ ಒಂದು ಮಾತಿಗೆ ತೂಕ ಜಾಸ್ತಿ. ಲಸಿಕೆ ಹಾಕಿಸಿಕೊಂಡ ದೊಡ್ಡವರನ್ನು ಯಾಕೆ ಹಾಕಿಸಿದಿರಿ ಅಂತ ಕೇಳಿದರೆ ಮತ್ತೆ ಮತ್ತೆ ಬರುವ ಉತ್ತರ "ಡಾಕ್ಟ್ರು ಹೇಳಿದ್ರು." ನೀವು ಡಾಕ್ಟರೋ ನರ್ಸೋ ಆಗಿದ್ದರೆ, ಬಿಪಿ ನೋಡುವಾಗಲೇ "ಫ್ಲೂದು ಹಾಕಿಬಿಡೋಣ" ಅಂದುಬಿಡಿ. ಚೀಟಿ ಬರೆದುಕೊಟ್ಟು ಇನ್ನೊಂದು ದಿನ ಬನ್ನಿ ಅಂದರೆ ಆ ಇನ್ನೊಂದು ದಿನ ಬರುವುದಿಲ್ಲ. ನೀವು ಮನೆಯವರಾಗಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರ ಎದುರಿಗೇ ನೀವು ಕೇಳಿ.

ಇನ್ನು ಅನುಮಾನಗಳು. ನಾನು ಜಾಸ್ತಿ ಕೇಳಿದ್ದು ಇವು.

"ಹೋದ ಸಲ ಹಾಕಿಸಿಕೊಂಡೆ, ಅದರಿಂದಲೇ ಫ್ಲೂ ಬಂತು." ಚುಚ್ಚುವ ಲಸಿಕೆಯಲ್ಲಿ ಇರುವುದು ಸತ್ತ ವೈರಸ್ಸಿನ ಚೂರು, ಅಥವಾ ಅದರ ಒಂದು ಪ್ರೋಟೀನು ಮಾತ್ರ. ಅದರಿಂದ ಫ್ಲೂ ಬರುವುದಕ್ಕೆ ಸಾಧ್ಯ ಇಲ್ಲ. ಒಂದಿಷ್ಟು ಜನರಿಗೆ ಲಸಿಕೆ, ಇನ್ನೊಂದಿಷ್ಟು ಜನರಿಗೆ ಉಪ್ಪುನೀರು ಚುಚ್ಚಿ, ಯಾರಿಗೆ ಯಾವುದು ಅಂತ ಹೇಳದೆ ನೋಡಿದ ಪ್ರಯೋಗಗಳಿವೆ. ಲಸಿಕೆಯವರಿಗೆ ತೋಳು ನೋವು, ಕೆಂಪಾಗುವುದು ಜಾಸ್ತಿ ಇತ್ತು. ಜ್ವರ, ಮೈಕೈ ನೋವು, ಕೆಮ್ಮು, ಗಂಟಲು ನೋವಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಹಾಗಾದರೆ ಅವರಿಗೆ ಬಂದಿದ್ದೇನು? ನೆಗಡಿಯ ಬೇರೆ ವೈರಸ್ ಇರಬಹುದು. ಲಸಿಕೆ ಕೆಲಸ ಶುರು ಮಾಡುವ ಎರಡು ವಾರದೊಳಗೆ ಫ್ಲೂ ತಗುಲಿರಬಹುದು. ಲಸಿಕೆ ತಡೆಯದ ಫ್ಲೂ ಇರಬಹುದು.

ಆದರೆ ಈ ವಿವರಣೆಯನ್ನು ಎಲ್ಲರಿಗೂ ಕೊಡುವ ಮುಂಚೆ ಒಂದು ಸೋಜಿಗ ಕೇಳಿ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಲಸಿಕೆಯಿಂದ ಫ್ಲೂ ಬರಲ್ಲ ಅಂತ ಜನರಿಗೆ ಸರಿಯಾದ ಮಾಹಿತಿ ಕೊಟ್ಟು ನೋಡಿದರು. ಜನ ಮಾಹಿತಿಯನ್ನು ನಂಬಿದರು, ತಪ್ಪು ತಿಳಿವಳಿಕೆ ಕಡಿಮೆಯಾಯಿತು. ಆದರೆ ಸೈಡ್ ಎಫೆಕ್ಟ್ ಬಗ್ಗೆ ಮೊದಲೇ ತುಂಬಾ ಹೆದರಿದ್ದವರಲ್ಲಿ ಹಾಕಿಸಿಕೊಳ್ಳುವ ಮನಸ್ಸು ಇನ್ನೂ ಕುಗ್ಗಿತು! ಒಂದು ಅನುಮಾನ ತೆಗೆದರೆ ಅವರು ಬೇರೆ ಅನುಮಾನ ಹುಡುಕಿಕೊಂಡರೋ ಏನೋ. ಇದನ್ನು ಓದಿದ ಮೇಲೆ ನಾನು ವಾದದಲ್ಲಿ ಗೆಲ್ಲುವ ಚಟ ಬಿಟ್ಟೆ. ಕೇಳಿದವರಿಗೆ ಮಾತ್ರ ಹೇಳುತ್ತೇನೆ, ಎರಡು ಮಾತಲ್ಲಿ ಮುಗಿಸುತ್ತೇನೆ. ಕೇಳದವರ ತಲೆಯಲ್ಲಿ ಇಲ್ಲದ ಹೆದರಿಕೆಯನ್ನು ನಾನೇ ಯಾಕೆ ಬಿತ್ತಲಿ?

"ನನಗೆ ಯಾವತ್ತೂ ಫ್ಲೂ ಬಂದಿಲ್ಲ." ಇದಕ್ಕೆ ನನ್ನ ಉತ್ತರ ಒಂದು ಪ್ರಶ್ನೆ: "ಮನೇಲಿ ಯಾರ್‍ಯಾರಿದ್ದಾರೆ?" ಲಕ್ಷಣ ಕಾಣುವ ಒಂದು ದಿನ ಮುಂಚೆಯೇ ಫ್ಲೂ ಇನ್ನೊಬ್ಬರಿಗೆ ದಾಟಲು ಶುರುವಾಗುತ್ತದೆ. ತನಗೆ ಅಂತ ಕದಲದವರು ಮನೆಯ ಮುದುಕಿಗೋಸ್ಕರ ಬರುತ್ತಾರೆ, ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

"ಆಗಲೇ ದಿನಕ್ಕೆ ಆರು ಮಾತ್ರೆ ನುಂಗ್ತೀನಿ ಕಣೇ, ಇನ್ನು ಇದೊಂದು ಯಾಕೆ?" ನಮ್ಮ ಸಹೋದ್ಯೋಗಿಯೊಬ್ಬರ ತಾಯಿ ಹೀಗೆ ಕೇಳಿದ್ದರು. ಅಸ್ತಮಾ, ಬಿಪಿ ಎರಡೂ ಇತ್ತು. ವಿವರಿಸಲು ಬಾಯಿ ತೆಗೆದೆ, ನರ್ಸ್ ಕಣ್ಣಲ್ಲೇ ತಡೆದರು. "ಅಮ್ಮಾ, ಹೋದ ವರ್ಷ ದಮ್ಮು ಜಾಸ್ತಿಯಾಗಿ ಆಸ್ಪತ್ರೆ ಸೇರಿದ್ರಲ್ಲ, ಆಗ ಶುರುವಾಗಿದ್ದು ಹೇಗೆ?" ಅಂತ ಕೇಳಿದರು. ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜ್ವರ ಬಂದಿತ್ತು, ಮೊಮ್ಮಗನಿಂದ" ಅಂದರು. ಆಮೇಲೆ ತಾವೇ ಸೆರಗು ಸರಿಸಿ ತೋಳು ಚಾಚಿದರು. ನಾನು ಹೇಳಬೇಕೆಂದಿದ್ದ ಒಂದು ಪುಟ ಭಾಷಣ ಹಾಗೇ ಉಳಿಯಿತು.

ಗಿಲ್ಲನ್ ಬಾರೆ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. 1976ರಲ್ಲಿ ಅಮೆರಿಕದಲ್ಲಿ ಹಾಕಿದ ಹಂದಿಜ್ವರದ ಲಸಿಕೆಯಿಂದ ಒಂದು ಲಕ್ಷಕ್ಕೆ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ ಇದು ಕಂಡುಬಂದಿತ್ತು. ಈಗಿನ ಲಸಿಕೆಗಳಿಗೆ ಅಂಥ ಸಂಬಂಧ ಇದ್ದರೂ ಹತ್ತು ಲಕ್ಷಕ್ಕೆ ಒಬ್ಬಿಬ್ಬರು. ಸ್ವತಃ ಫ್ಲೂ ಬಂದರೂ ಈ ಕಾಯಿಲೆ ಬರಬಹುದು ಅನ್ನುವುದನ್ನೂ ಹೇಳಿ.

ಹೆಜ್ಜೆ 7: ದಿನ ಗೊತ್ತು ಮಾಡಿ, ಬರೆಸಿ

"ಆಯ್ತು, ಹಾಕಿಸ್ತೀನಿ" ಅಂದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಒಪ್ಪಿದವರು ಮತ್ತು ಹಾಕಿಸಿಕೊಂಡವರ ನಡುವೆ ದೊಡ್ಡ ಹಳ್ಳ ಇದೆ. ಅಮೆರಿಕದ ಒಂದು ಕಂಪನಿಯಲ್ಲಿ ಉದ್ಯೋಗಿಗಳಿಗೆ ಲಸಿಕೆಯ ನೋಟಿಸು ಕಳಿಸುವಾಗ, ಕೆಲವರಿಗೆ ಮಾತ್ರ "ಯಾವ ದಿನ, ಎಷ್ಟು ಗಂಟೆಗೆ ಹೋಗುತ್ತೀರಿ" ಅಂತ ಬರೆದುಕೊಳ್ಳಲು ಖಾಲಿ ಜಾಗ ಬಿಟ್ಟಿದ್ದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಬರಿ ನೋಟಿಸು ಸಿಕ್ಕವರಲ್ಲಿ 100ಕ್ಕೆ 33 ಜನ ಹಾಕಿಸಿಕೊಂಡಿದ್ದರು, ಖಾಲಿ ಜಾಗ ಇದ್ದವರಲ್ಲಿ ನಾಲ್ಕು ಜನ ಜಾಸ್ತಿ. ಯಾರೂ ಆ ಹಾಳೆಯನ್ನು ವಾಪಸ್ ಕೂಡ ಕೇಳಿರಲಿಲ್ಲ.

ಮೆಸೇಜಿನ ಮಾತೂ ಹಾಗೇ. ಸುಮಾರು 47 ಸಾವಿರ ಜನರಿಗೆ 19 ಬಗೆಯ ಮೆಸೇಜ್ ಕಳಿಸಿ ನೋಡಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಮಾಷೆ ಮಾಡಿದ್ದು, ಬುದ್ಧಿವಾದ ಹೇಳಿದ್ದು ಎಲ್ಲ ಇತ್ತು. ಗೆದ್ದಿದ್ದು ಮಾತ್ರ ತೀರಾ ಸಪ್ಪೆಯದು: ನಿಮಗಾಗಿ ಲಸಿಕೆ ಎತ್ತಿಟ್ಟಿದೆ ಅನ್ನುವ ಮಾತು, ಡಾಕ್ಟರ ಭೇಟಿಗೆ ಮೂರು ದಿನ ಮುಂಚೆ ಒಂದು ಸಲ, ಹಿಂದಿನ ದಿನ ಇನ್ನೊಂದು ಸಲ. ಡೆನ್ಮಾರ್ಕಿನಲ್ಲಿ 65 ದಾಟಿದ 9 ಲಕ್ಷಕ್ಕೂ ಹೆಚ್ಚು ಜನರಿಗೆ ಬಗೆಬಗೆಯ ಪತ್ರ ಕಳಿಸಿದಾಗಲೂ ಕೆಲಸಕ್ಕೆ ಬಂದಿದ್ದು ಎರಡೇ, ಹೃದಯಕ್ಕೆ ಒಳ್ಳೆಯದು ಅಂತ ಹೇಳಿದ್ದು ಮತ್ತು ಪತ್ರವನ್ನು ಎರಡನೇ ಸಲ ಕಳಿಸಿದ್ದು. ಅಲ್ಲೂ ಲಾಭ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಒಂದು ಮೆಸೇಜಿನಿಂದ ಪವಾಡ ಆಗಲ್ಲ, ಆದರೆ ಕಳಿಸದಿದ್ದರೆ ಅದೂ ಇಲ್ಲ.

ನಾನು ಕಳಿಸುವುದು ಇಷ್ಟೇ: "ಅಕ್ಕಾ, ನಿಮ್ಮ ಫ್ಲೂ ಲಸಿಕೆ ಎತ್ತಿಟ್ಟಿದೆ. ಬುಧವಾರ 11 ಗಂಟೆ, ಕೆಳಗಡೆ ಊಟದ ಹಾಲ್ ಪಕ್ಕ. ಸಡಿಲ ತೋಳಿನ ಬಟ್ಟೆ ಹಾಕ್ಕೊಂಡು ಬನ್ನಿ." ಎರಡನೇ ವರ್ಷ ಕೊನೆಯ ದಿನ ನರ್ಸ್ ಪೆಟ್ಟಿಗೆ ಮುಚ್ಚುತ್ತಾ "ನಿಮ್ಮದಾಯ್ತಾ?" ಅಂದರು. ಆಗಿರಲಿಲ್ಲ! ಎಲ್ಲರ ಹೆಸರಿನ ಮುಂದೆ ಗಂಟೆ ಬರೆದವಳು ನನ್ನ ಹೆಸರಿನ ಮುಂದೆ ಬರೆದಿರಲಿಲ್ಲ. ಈಗ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಹೆಜ್ಜೆ 8: ಆ ದಿನ

ಜಾಗ: ಜನ ಹೇಗೂ ಹಾದುಹೋಗುವ ಕಡೆ ಇರಲಿ. ಎರಡನೇ ವರ್ಷ ಮೇಜನ್ನು ಊಟದ ಹಾಲ್ ಬಾಗಿಲ ಪಕ್ಕ ಇಟ್ಟೆವು, ಒಂದು ಮರೆ ಕಟ್ಟಿಸಿದೆವು. ಊಟಕ್ಕೆ ಬಂದವರು ಸಾಲು ನೋಡಿ ತಾವೂ ನಿಂತರು. ಹೊತ್ತು: ರಾತ್ರಿ ಪಾಳಿಯವರನ್ನು ಮರೆಯಬೇಡಿ, ಅವರಿಗಾಗಿ ಬೆಳಗಿನ ಜಾವ ಒಂದು ಗಂಟೆ ಇಡಿ. ಮಂಚ ಬಿಟ್ಟು ಏಳಲಾರದವರಿದ್ದರೆ ಮನೆಗೇ ಹೋಗಿ ಹಾಕುವ ವ್ಯವಸ್ಥೆ ಇದೆಯಾ ಅಂತ ಮೊದಲೇ ವಿಚಾರಿಸಿ.

ತೋಳಿನ ಬಟ್ಟೆಯ ವಿಷಯ ಸಣ್ಣದು ಅನಿಸಬಹುದು. ಬಿಗಿಯಾದ ಫುಲ್ ತೋಳಿನ ಶರ್ಟು ಹಾಕಿಕೊಂಡು ಒಬ್ಬರು ಬಂದಿದ್ದರು. ಮಡಚಿದರೆ ಮೊಣಕೈ ಮೇಲೆ ಏರಲಿಲ್ಲ. ಕಾಲರ್ ಜಗ್ಗಿ ಭುಜದ ತುದಿ ತೋರಿಸಿ "ಇಲ್ಲೇ ಹಾಕಿ" ಅಂದರು. ನರ್ಸ್ ಒಪ್ಪಲಿಲ್ಲ. ಲಸಿಕೆ ಹೋಗಬೇಕಾದದ್ದು ಭುಜದ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ ಇರುವ ದಪ್ಪ ಸ್ನಾಯುವಿಗೆ. ತೀರಾ ಮೇಲೆ ಚುಚ್ಚಿದರೆ ಕೀಲಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಭುಜ ನೋಯಬಹುದು. ಕೊನೆಗೆ ಮರೆಯ ಹಿಂದೆ ಅರ್ಧ ಶರ್ಟು ಬಿಚ್ಚಿಯೇ ಹಾಕಿದ್ದು. ಚುಚ್ಚುವವರೂ ಚುಚ್ಚಿಸಿಕೊಳ್ಳುವವರೂ ಇಬ್ಬರೂ ಕೂತಿರಬೇಕು, ಆಗ ಅಳತೆ ತಪ್ಪುವುದಿಲ್ಲ.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿಯಾಗಬಾರದು ಅಂತ ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಲೂಬಾರದು ಅನ್ನುವುದನ್ನು ಮರೆತು ಕೆಲವರು ಐಸಿನ ಮೇಲೇ ನೇರವಾಗಿ ಇಟ್ಟುಬಿಡುತ್ತಾರೆ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಹಾಕುವ ಹಾಗಿಲ್ಲ, ಎಸೆಯಬೇಕು.

ಸೂಜಿ ಅಂದರೆ ಹೆದರುವವರನ್ನು ನಗಾಡಬೇಡಿ. ಮೊದಲೇ ಹೇಳಿಕೊಂಡವರಿಗೆ ಸಾಲು ತಪ್ಪಿಸಿ, ಮಲಗಿಸಿ ಹಾಕಿಸಿ. ಹಾಕಿದ ಮೇಲೆ ಎಲ್ಲರೂ 15 ನಿಮಿಷ ಅಲ್ಲೇ ಕೂರಲಿ. ತಲೆ ಸುತ್ತುವುದಾದರೂ ಅಪರೂಪದ ಅಲರ್ಜಿಯಾದರೂ ಬಹುತೇಕ ಆಗಲೇ ಗೊತ್ತಾಗುವುದು, ಅದಕ್ಕೆ ಬೇಕಾದ ಔಷಧಿ ಕೈಗೆಟುಕುವಂತಿರಬೇಕು. ಕೋವಿಡ್ ಲಸಿಕೆಯೂ ಬಾಕಿ ಇದ್ದರೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು.

ಹೆಜ್ಜೆ 9: ಆಮೇಲಿನ ಎರಡು ದಿನ

ಹೋಗುವಾಗಲೇ ಹೇಳಿ ಕಳಿಸಿ: ತೋಳು ನೋಯುತ್ತದೆ, ಕೆಲವರಿಗೆ ಸಣ್ಣ ಜ್ವರ ಅಥವಾ ತಲೆನೋವು ಕಾಣಿಸಿಕೊಳ್ಳಬಹುದು, ಒಂದೆರಡು ದಿನದಲ್ಲಿ ಹೋಗುತ್ತದೆ. ಮೊದಲೇ ಹೇಳಿದರೆ ಅದು ಮಾಹಿತಿ, ಆಮೇಲೆ ಹೇಳಿದರೆ ಸಮಜಾಯಿಷಿ. ಉಸಿರಾಟಕ್ಕೆ ಕಷ್ಟ, ಮುಖ ಊದುವುದು, ಮೈತುಂಬ ದದ್ದು ಎದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ. ಮಾರನೇ ದಿನ ವಯಸ್ಸಾದವರಿಗೆ ಒಂದು ಫೋನ್ ಮಾಡಿ, "ತೋಳು ಹೇಗಿದೆ?" ಅಂತ ಕೇಳಿ. ಈ ಒಂದು ಫೋನಿನಿಂದ ಮುಂದಿನ ವರ್ಷದ ಅರ್ಧ ಕೆಲಸ ಮುಗಿದಿರುತ್ತದೆ.

ಮತ್ತೊಂದು ಮಾತನ್ನೂ ಹೇಳಿಬಿಡಿ. ಲಸಿಕೆ ಹಾಕಿಸಿಕೊಂಡಿದ್ದರೂ ಅಪಾಯದ ಪಟ್ಟಿಯಲ್ಲಿರುವವರಿಗೆ ಫ್ಲೂ ಲಕ್ಷಣ ಕಂಡರೆ ಬೇಗ ಡಾಕ್ಟರನ್ನು ಕಾಣಬೇಕು. ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್‌ನಂಥ ಔಷಧಿ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಮೂರು ದಿನ ಕಷಾಯ ಕುಡಿದು ನೋಡೋಣ ಅನ್ನುವುದು ಅವರಿಗೆ ಹೊಂದುವುದಿಲ್ಲ.

ಹೆಜ್ಜೆ 10: ಎರಡನೇ ಸುತ್ತು

ಮೊದಲ ದಿನ ಬರದವರ ಹೆಸರಿನ ಮುಂದೆ ಯಾಕೆ ಅಂತ ಅವರದ್ದೇ ಮಾತಲ್ಲಿ ಬರೆದಿಟ್ಟುಕೊಳ್ಳಿ. "ಮರೆತೆ" ಅಂದವರಿಗೆ ಒಂದು ಫೋನ್ ಸಾಕು. "ರಜೆ ಇದ್ದೆ" ಅಂದವರಿಗೆ ಇನ್ನೊಂದು ದಿನ ಬೇಕು. "ಡಾಕ್ಟರನ್ನ ಕೇಳಿ ಹೇಳ್ತೀನಿ" ಅಂದವರಿಗೆ, ಯಾವತ್ತು ಕೇಳುತ್ತೀರಿ ಅಂತ ದಿನ ಕೇಳಬೇಕು. "ಬೇಡ" ಅಂದವರನ್ನು ಈ ವರ್ಷಕ್ಕೆ ಬಿಡಿ, ಬಾಗಿಲು ತೆರೆದಿರಲಿ. ಎರಡನೇ ಸುತ್ತನ್ನು ಹತ್ತು ಹದಿನೈದು ದಿನದೊಳಗೆ ಇಟ್ಟುಕೊಳ್ಳಿ, ಹತ್ತು ಜನ ಬಂದರೂ ಸರಿ. ನಮ್ಮಲ್ಲಿ ಅಸ್ತಮಾ, ಶುಗರ್ ಇರುವವರು ಜಾಸ್ತಿ ಬಂದಿದ್ದು ಈ ಎರಡನೇ ಸುತ್ತಿಗೇ. ಮೊದಲ ದಿನ ಹಾಕಿಸಿಕೊಂಡ ಪಕ್ಕದ ಮೇಜಿನವರಿಗೆ ಏನಾಗುತ್ತದೆ ಅಂತ ಕಾದು ನೋಡುತ್ತಿದ್ದರಂತೆ.

ಹಾಕಿಸಿಕೊಂಡವರಿಗೆ ಲಸಿಕೆಯ ಹೆಸರು, ಬ್ಯಾಚ್ ನಂಬರ್, ತಾರೀಕು ಬರೆದ ಚೀಟಿ ಕೊಡಿ. ಚೀಟಿ ಕಳೆದುಹೋಗುತ್ತದೆ, ಅದಕ್ಕೇ ಅಲ್ಲೇ ನಿಲ್ಲಿಸಿ ಅವರ ಫೋನಿನಲ್ಲೇ ಫೋಟೋ ತೆಗೆಸಿ. ಮುಂದಿನ ವರ್ಷದ ತಿಂಗಳನ್ನೂ ಅದೇ ಫೋನಿಗೆ ಹಾಕಿಸಿಬಿಡಿ, ಇನ್ನೂ 15 ನಿಮಿಷ ಕೂರಬೇಕಲ್ಲ, ಹೇಗೂ ಪುರುಸೊತ್ತಿರುತ್ತದೆ.